ವಾಯುಪಡೆಯ ಪೈಲಟ್ ತರಬೇತಿ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗ, ಮಂಡ್ಯದ ಪಿಯು ಕಾಲೇಜುಗಳಲ್ಲಿ ಮಾತು ಮುಗಿಸಿ ಕೆಳಗಿಳಿದಾಗ, ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಬಹುಪಾಲು ಅವೇ. ಬರುವ ಪತ್ರಗಳಲ್ಲೂ ಅಷ್ಟೆ. ವಾಯುಪಡೆಯಲ್ಲಿ ಹಾರಾಟ ಕಲಿಸಿ ನಿವೃತ್ತನಾಗಿ ಮೈಸೂರಲ್ಲಿ ನೆಲೆಸಿದವನಾದ್ದರಿಂದ ಉತ್ತರ ಹೇಳುವುದು ನನ್ನ ಕೆಲಸವೇ ಆಗಿಬಿಟ್ಟಿದೆ. ಕೇಳಿದವರ ಮಾತಲ್ಲೇ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ವಯಸ್ಸು, ಅಂಕ, ಅಳತೆಗಳ ನಿಯಮ ಆಗಾಗ ಬದಲಾಗುತ್ತವೆ. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯಲ್ಲಿ ಏನಿದೆಯೋ ಅದೇ ಕೊನೆಯ ಮಾತು.

## ಸೇರುವ ಮೊದಲು

ಪೈಲಟ್ ಆಗೋಕೆ ಪಿಯುಸಿ ಆದ್ಮೇಲೆ ಹೋಗ್ಬೇಕಾ, ಡಿಗ್ರಿ ಮುಗಿಸಿ ಹೋಗ್ಬೇಕಾ?

ಎರಡೂ ದಾರಿ ತೆರೆದಿವೆ. ಪಿಯುಸಿ ಹಂತದಲ್ಲಿ ಹೋಗುವವರಿಗೆ ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಲಿಖಿತ ಪರೀಕ್ಷೆಗೆ 900 ಅಂಕ, ಆಯ್ಕೆ ಮಂಡಳಿಯ ಸಂದರ್ಶನಕ್ಕೆ 900 ಅಂಕ. ವಾಯುಪಡೆ ಬೇಕೆಂದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗೆ. ಮೂರು ವರ್ಷ ಅಲ್ಲಿ ಕಳೆದ ಮೇಲೆ ಹೈದರಾಬಾದ್ ಹೊರವಲಯದ ದುಂಡಿಗಲ್‌ನಲ್ಲಿರುವ ವಾಯುಪಡೆ ಅಕಾಡೆಮಿಗೆ ಕಳಿಸುತ್ತಾರೆ.

ಪದವಿ ಮುಗಿಸಿದವರಿಗೆ ವಾಯುಪಡೆಯೇ ನಡೆಸುವ ಎಎಫ್‌ಕ್ಯಾಟ್, ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆಗಳಿವೆ. ಎನ್‌ಸಿಸಿ ಏರ್ ವಿಂಗ್‌ನ 'ಸಿ' ಪ್ರಮಾಣಪತ್ರ ಇದ್ದವರಿಗೆ ಲಿಖಿತ ಪರೀಕ್ಷೆಯಿಲ್ಲದೆ ಆಯ್ಕೆ ಮಂಡಳಿಗೇ ಹೋಗುವ ವಿಶೇಷ ಪ್ರವೇಶವೂ ಇದೆ. ವಯಸ್ಸು 20ರಿಂದ 24. ಯಾವುದೇ ಪದವಿಯಾದರೂ ಸರಿ, ಆದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಕಾಮರ್ಸ್ ತೆಗೆದುಕೊಂಡು ಆಮೇಲೆ ಈ ಆಸೆ ಹುಟ್ಟಿದವರಿಗೆ ಹಾರಾಟದ ಶಾಖೆ ಸಿಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲೇ ಮನೆಯಲ್ಲಿ ಈ ಮಾತು ನಡೆಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಕನ್ನಡ ಮೀಡಿಯಂನಲ್ಲಿ ಓದಿರೋ ನಮ್ಮ ಹುಡುಗನ ಕೈಲಿ ಆಗುತ್ತಾ?

ಆಗುತ್ತದೆ, ಆದರೆ ಇಂಗ್ಲಿಷನ್ನು ಮುಂದೂಡಬೇಡಿ. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ, ಕನ್ನಡದಲ್ಲಿ ಇರುವುದಿಲ್ಲ. ತರಬೇತಿ, ರೇಡಿಯೊ ಮಾತು, ವಿಮಾನದ ಕೈಪಿಡಿ ಎಲ್ಲವೂ ಇಂಗ್ಲಿಷಿನಲ್ಲಿ. ಅಲ್ಲಿ ಬೇಕಾದದ್ದು ಚೆಂದದ ಇಂಗ್ಲಿಷ್ ಅಲ್ಲ, ಚಿಕ್ಕ ವಾಕ್ಯವನ್ನು ತಡವರಿಸದೆ ಹೇಳುವ ಅಭ್ಯಾಸ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಮಕ್ಕಳಲ್ಲಿ ವಿಷಯ ಗೊತ್ತಿದ್ದೂ ಬಾಯಿ ತೆರೆಯದ ಸಂಕೋಚ ನೋಡಿದ್ದೇನೆ. ದಿನಕ್ಕೆ ಹತ್ತು ನಿಮಿಷ ಯಾರ ಎದುರಾದರೂ ನಿಂತು, ಅವತ್ತು ಕಂಡ ಒಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ವಿವರಿಸಲಿ. ಹಿಂದಿಯೂ ಸ್ವಲ್ಪ ಬೇಕು. ಅದು ಸಹಪಾಠಿಗಳ ಜೊತೆಗಿನ ಬದುಕಿಗೆ, ಪರೀಕ್ಷೆಗಲ್ಲ.

ಮೈಸೂರಲ್ಲೇ ಸೆಲೆಕ್ಷನ್ ಬೋರ್ಡ್ ಇದೆಯಲ್ಲ, ಅಲ್ಲಿ ಐದು ದಿನ ಏನು ಮಾಡಿಸ್ತಾರೆ?

ಹೌದು, ದೇಶದಲ್ಲಿ ಕೆಲವೇ ಊರುಗಳಲ್ಲಿರುವ ವಾಯುಪಡೆ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿದೆ. ರೈಲ್ವೆ ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದು, ಕೂದಲು ಕತ್ತರಿಸಿಕೊಂಡು, ಬಿಳಿ ಬೂಟು ಚೀಲಕ್ಕೆ ಕಟ್ಟಿಕೊಂಡು ಇಳಿಯುವ ಹುಡುಗ ಹುಡುಗಿಯರನ್ನು ನೀವೂ ನೋಡಿರುತ್ತೀರಿ.

ಮೊದಲ ದಿನ ಬುದ್ಧಿಮತ್ತೆ ಪರೀಕ್ಷೆ ಮತ್ತು ಒಂದು ಚಿತ್ರ ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವುದು. ಅರ್ಧಕ್ಕಿಂತ ಹೆಚ್ಚು ಮಂದಿ ಅವತ್ತೇ ಊರಿಗೆ ವಾಪಸಾಗುವುದೂ ಉಂಟು. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆಗಳು. ಒಂದು ಪದ ತೋರಿಸಿ ಹದಿನೈದು ಸೆಕೆಂಡಿನಲ್ಲಿ ವಾಕ್ಯ ಬರೆಸುತ್ತಾರೆ, ಹೀಗೆ ಅರವತ್ತು ಪದ. ಅರವತ್ತು ಸನ್ನಿವೇಶ ಕೊಟ್ಟು ಅರ್ಧ ಗಂಟೆಯಲ್ಲಿ ನೀವಾಗಿದ್ದರೆ ಏನು ಮಾಡುತ್ತೀರಿ ಅಂತ ಬರೆಸುತ್ತಾರೆ. ಆಮೇಲೆ ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಗುಂಪಾಗಿ ಅಡೆತಡೆ ದಾಟಿಸುವುದು, ಒಬ್ಬೊಬ್ಬರದೇ ಸಂದರ್ಶನ, ಕೊನೆಯ ದಿನ ಎಲ್ಲ ಅಧಿಕಾರಿಗಳ ಮುಂದೆ ಕೂರುವುದು.

ಬಾಯಿಪಾಠ ಮಾಡಿಸಿ ಕಳಿಸುವ ಕೋಚಿಂಗ್‌ನ ಬಗ್ಗೆ ನನಗೆ ಒಲವಿಲ್ಲ. ಒಂದೇ ಬಗೆಯ ಉತ್ತರ ಬರೆಯುವ ಇಪ್ಪತ್ತು ಮಂದಿಯಲ್ಲಿ ಮಂಡಳಿ ಯಾರನ್ನು ಆರಿಸಬೇಕು? ಅಪ್ಪನ ಜೊತೆ ಆಲೆಮನೆಯಲ್ಲಿ ಲೆಕ್ಕ ಬರೆದದ್ದು, ಊರ ಹಬ್ಬದಲ್ಲಿ ಜಗಳ ಬಿಡಿಸಿದ್ದು, ತಂಗಿಯ ಶಾಲೆಗೆ ಓಡಾಡಿದ್ದು ಇವೆಲ್ಲ ನಿಮ್ಮದೇ ಸಾಮಗ್ರಿ. ಅದನ್ನು ಹೇಳಿ.

ಪೈಲಟ್ ಮೆಷಿನ್ ಟೆಸ್ಟ್ ಜೀವನದಲ್ಲಿ ಒಂದೇ ಸಲ ಅಂತಾರೆ, ನಿಜಾನಾ?

ನಿಜ. ಅದರ ಹೆಸರು ಸಿಪಿಎಸ್‌ಎಸ್, ಕಂಪ್ಯೂಟರ್ ಮೂಲಕ ನಡೆಯುವ ಪೈಲಟ್ ಆಯ್ಕೆ ವ್ಯವಸ್ಥೆ. ಮೊದಲು ವಿಮಾನದ ಮೀಟರುಗಳನ್ನು ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆ. ಆಮೇಲೆ ಕೈಯಲ್ಲಿ ಸ್ಟಿಕ್, ಕಾಲಲ್ಲಿ ಪೆಡಲ್ ಹಿಡಿದು ಪರದೆ ಮೇಲೆ ಓಡುವ ಗುರುತನ್ನು ಹಿಡಿತದಲ್ಲಿಡುವುದು, ಅದರ ನಡುವೆಯೇ ಬೆಳಕು, ಸದ್ದು ಬಂದಾಗ ಗುಂಡಿ ಒತ್ತುವುದು. ಒಮ್ಮೆ ಅನುತ್ತೀರ್ಣರಾದರೆ ಹಾರಾಟದ ಶಾಖೆಗೆ ಮತ್ತೆ ಅವಕಾಶವಿಲ್ಲ, ನೆಲದ ಶಾಖೆಗಳಿಗೆ ಹೋಗಬಹುದು. ಪರೀಕ್ಷೆಗೆ ಮುನ್ನ ಕೊಡುವ ಸೂಚನೆಗಳನ್ನು ಕಿವಿಗೊಟ್ಟು ಕೇಳಿ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ.

ಕನ್ನಡಕ ಇದೆ. ಲೇಸರ್ ಆಪರೇಷನ್ ಮಾಡಿಸಿದ್ರೆ ತಗೋತಾರಾ?

ಎನ್‌ಡಿಎ ಮೂಲಕ ಹೋಗುವವರಿಗೆ ಲೇಸರ್ ಶಸ್ತ್ರಚಿಕಿತ್ಸೆ ಆಗಿರಬಾರದು. ಪದವಿಯ ನಂತರದ ದಾರಿಗಳಲ್ಲಿ ಷರತ್ತಿನೊಂದಿಗೆ ಒಪ್ಪುತ್ತಾರೆ. 20 ವರ್ಷ ತುಂಬುವ ಮೊದಲು ಮಾಡಿಸಿರಬಾರದು, ಮಾಡಿಸಿ ಕನಿಷ್ಠ ಒಂದು ವರ್ಷ ಕಳೆದಿರಬೇಕು, ಕಣ್ಣಿನ ಒಳಗಿನ ಅಳತೆಗಳೂ ಮಿತಿಯಲ್ಲಿರಬೇಕು. ಬಣ್ಣ ಗುರುತಿಸುವ ಶಕ್ತಿಯಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಕಣ್ಣಿನ ಚಿಂತೆಯಲ್ಲಿ ಜನ ಕಾಲಿನ ಅಳತೆ ಮರೆಯುತ್ತಾರೆ. ಎತ್ತರ ಕನಿಷ್ಠ 162.5 ಸೆಂ.ಮೀ., ಕಾಲಿನ ಉದ್ದ 99ರಿಂದ 120, ಕೂತಾಗಿನ ಎತ್ತರ 81.5ರಿಂದ 96, ತೊಡೆಯ ಉದ್ದ 64 ಸೆಂ.ಮೀ. ಮೀರಬಾರದು. ಕಾಲು ಚಿಕ್ಕದಾದರೆ ಪೆಡಲ್ ಪೂರ್ತಿ ಒತ್ತಲಾಗದು. ತೊಡೆ ಉದ್ದವಾದರೆ ಆಪತ್ತಿನಲ್ಲಿ ಆಸನ ಸಮೇತ ಹೊರಕ್ಕೆ ಚಿಮ್ಮುವಾಗ ಮಂಡಿ ಮುಂದಿನ ಫಲಕಕ್ಕೆ ಬಡಿಯುತ್ತದೆ. ಇದು ಯಾರ ತಪ್ಪೂ ಅಲ್ಲ, ಮನೆಯಲ್ಲೇ ಟೇಪ್ ಹಿಡಿದು ಮೊದಲೇ ನೋಡಿಕೊಳ್ಳಿ.

ಎಷ್ಟು ಲಕ್ಷ ಖರ್ಚಾಗುತ್ತೆ? ಜಮೀನು ಮಾರ್ಬೇಕಾ?

ಒಂದು ಗುಂಟೆಯನ್ನೂ ಮಾರಬೇಡಿ. ತರಬೇತಿ, ಊಟ, ವಸತಿ ಎಲ್ಲ ಸರ್ಕಾರದ್ದು. ಅಕಾಡೆಮಿಯ ಕೊನೆಯ ಒಂದು ವರ್ಷದ ತರಬೇತಿಯಲ್ಲಿ ಫ್ಲೈಟ್ ಕೆಡೆಟ್‌ಗಳಿಗೆ ತಿಂಗಳಿಗೆ ₹56,100 ಸ್ಟೈಪೆಂಡ್ ಕೊಡುತ್ತಾರೆ. ಲಕ್ಷಾಂತರ ರೂಪಾಯಿ ಬೇಕಾಗುವುದು ಖಾಸಗಿ ಶಾಲೆಗಳಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಪಡೆಯಲು, ಅದು ಬೇರೆ ದಾರಿ. ಇಲ್ಲಿ ಪೋಷಕರು ಒಂದು ಬಾಂಡ್‌ಗೆ ಸಹಿ ಹಾಕಬೇಕು. ಸರಿಯಾದ ಕಾರಣವಿಲ್ಲದೆ ತಾವಾಗಿಯೇ ಬಿಟ್ಟು ಬಂದರೆ ತರಬೇತಿಯ ವೆಚ್ಚ ಹಿಂದಿರುಗಿಸಬೇಕಾಗುತ್ತದೆ. ಇನ್ನು ಹಣ ಕೊಟ್ಟರೆ ಸೀಟು ಮಾಡಿಸಿಕೊಡುತ್ತೇನೆ ಅನ್ನುವವರು ಯಾರೇ ಬಂದರೂ ಬಾಗಿಲಲ್ಲೇ ಕಳಿಸಿಬಿಡಿ. ಅಂಥ ದಾರಿ ಯಾವುದೂ ಇಲ್ಲ.

ನಾನು ಹುಡುಗಿ. ಫೈಟರ್ ಪೈಲಟ್ ಆಗಬಹುದಾ?

ಖಂಡಿತ ಆಗಬಹುದು. 2016ರ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ದುಂಡಿಗಲ್‌ನಲ್ಲಿ ಫೈಟರ್ ಶಾಖೆಗೆ ನೇಮಕಗೊಂಡರು. 2018ರಲ್ಲಿ ನಮ್ಮ ಚಿಕ್ಕಮಗಳೂರಿನ ಮೇಘನಾ ಶಾನಭಾಗ್ ಆ ಸಾಲಿಗೆ ಸೇರಿದರು. 2022ರಿಂದ ಎನ್‌ಡಿಎ ಕೂಡ ಹೆಣ್ಣುಮಕ್ಕಳಿಗೆ ತೆರೆದಿದೆ, ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂತು. ವಿಮಾನದ ಪರೀಕ್ಷೆಗಳು ಎಲ್ಲರಿಗೂ ಒಂದೇ. ಹುಡುಗಿ ಅಂತ ಸೋಲೋ, ಅಂದರೆ ಒಬ್ಬರೇ ಹಾರುವ ಅವಕಾಶ, ತಡವಾಗಿ ಕೊಡುವುದೂ ಇಲ್ಲ, ಬೇಗ ಕೊಡುವುದೂ ಇಲ್ಲ.

## ಅಕಾಡೆಮಿಯ ದಿನಚರಿ

ಬೆಳಗ್ಗೆ ಎಷ್ಟೊತ್ತಿಗೆ ಏಳಿಸ್ತಾರೆ? ಒಂದು ದಿನ ಹೆಂಗಿರುತ್ತೆ ಅಂತ ಪೂರ್ತಿ ಹೇಳಿ.

ಮೊದಲ ತಿಂಗಳುಗಳು ನೆಲದ ಮೇಲೆಯೇ. ನಸುಕಿನಲ್ಲಿ ವ್ಯಾಯಾಮ, ಡ್ರಿಲ್, ತರಗತಿ, ಸಂಜೆ ಆಟ, ರಾತ್ರಿ ಓದು. ವಿಮಾನ ಕಾಣುವುದು ದೂರದಿಂದ. ಹಾರಲು ಬಂದವರಿಗೆ ಈ ಕಾಯುವಿಕೆ ಕಷ್ಟ.

ಹಾರಾಟ ಶುರುವಾದ ಮೇಲೆ ದಿನವೆಲ್ಲ ಹವಾಮಾನದ ಸುತ್ತ ತಿರುಗುತ್ತದೆ. ದಖ್ಖನ್ನಿನ ನೆಲ ಹತ್ತು ಗಂಟೆಯ ಮೇಲೆ ಕಾದು, ಗಾಳಿ ಕುಲುಕಾಡತೊಡಗುತ್ತದೆ. ಹೊಸಬರಿಗೆ ಶಾಂತವಾದ ಗಾಳಿ ಬೇಕು, ಆದ್ದರಿಂದ ಕತ್ತಲಿರುವಾಗಲೇ ಏಳುವುದು. ಎಲ್ಲರೂ ಸೇರುವ ಬ್ರೀಫಿಂಗ್‌ನಲ್ಲಿ ಮೊದಲು ಹವಾಮಾನ ಅಧಿಕಾರಿಯ ಮಾತು: ಮೋಡದ ಎತ್ತರ, ಗಾಳಿಯ ದಿಕ್ಕು, ಎಷ್ಟು ದೂರ ಕಾಣುತ್ತದೆ. ಆಮೇಲೆ ಅಂದಿನ ಆಪತ್ತು. ಯಾರನ್ನಾದರೂ ಎಬ್ಬಿಸಿ ನಿಲ್ಲಿಸಿ, ನೆಲ ಬಿಟ್ಟು ಐದುನೂರು ಅಡಿ ಏರಿದಾಗ ಎಂಜಿನ್ ನಿಂತಿತು, ಏನು ಮಾಡುತ್ತೀಯ ಅಂತ ಕೇಳುತ್ತಾರೆ. ಉತ್ತರ ಪುಸ್ತಕದಲ್ಲಿದ್ದ ಕ್ರಮದಲ್ಲೇ, ಒಂದು ಪದವೂ ಆಚೀಚೆ ಆಗದೆ ಬರಬೇಕು. ತಡವರಿಸಿದರೆ ಅವತ್ತು ಹಾರಾಟವಿಲ್ಲದೆ ಕೂರಬೇಕಾಗಬಹುದು.

ಅದಾದ ಮೇಲೆ ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಮೇಜಿನ ಎದುರು ಕೂತು ಆ ದಿನದ ಪಾಠವನ್ನು ಮೊದಲಿಂದ ಕೊನೆವರೆಗೆ ಮಾತಲ್ಲೇ ಹಾರಿಸುವುದು. ಹೆಲ್ಮೆಟ್ ತೆಗೆದುಕೊಂಡು, ವಿಮಾನದ ದಾಖಲೆ ಪುಸ್ತಕ ಎಫ್-700 ನೋಡಿ ಸಹಿ ಹಾಕಿ, ವಿಮಾನದ ಸುತ್ತ ಒಂದು ಸುತ್ತು ಬಂದು ಚಕ್ರ, ರೆಕ್ಕೆ, ತೈಲ ಸೋರಿಕೆ ನೋಡುವುದು. ಆಮೇಲೆ ಒಳಗೆ ಕೂರುವುದು. ಆಕಾಶದಲ್ಲಿ ಇರುವುದು ಹೆಚ್ಚುಕಡಿಮೆ ಒಂದು ಗಂಟೆ. ಇಳಿದ ಮೇಲೆ ಡಿಬ್ರೀಫ್, ಅಂದರೆ ನಡೆದ ಹಾರಾಟದ ತಪ್ಪು ಒಪ್ಪುಗಳ ಮಾತು, ಇನ್‌ಸ್ಟ್ರಕ್ಟರ್ ಬರೆದದ್ದನ್ನು ಓದಿ ಸಹಿ ಹಾಕುವುದು. ಮಧ್ಯಾಹ್ನ ವಾಯುಚಲನಶಾಸ್ತ್ರ, ಹವಾಮಾನ, ಎಂಜಿನ್, ದಿಕ್ಕು ಹಿಡಿಯುವ ಲೆಕ್ಕದ ತರಗತಿಗಳು. ಸಂಜೆ ಆಟ ತಪ್ಪಿಸುವಂತಿಲ್ಲ. ರಾತ್ರಿ ನಾಳಿನ ಪಾಠಕ್ಕೆ ತಯಾರಿ.

ಹುಡುಗರು ನನ್ನಲ್ಲಿ ಕೇಳುವುದೆಲ್ಲ ಆ ಒಂದು ಗಂಟೆಯ ಬಗ್ಗೆ. ನಾನು ಕಲಿಸಿದವರಲ್ಲಿ ಗೆದ್ದವರನ್ನೂ ಹಿಂದುಳಿದವರನ್ನೂ ಬೇರೆ ಮಾಡಿದ್ದು ಮಾತ್ರ ಹಿಂದಿನ ರಾತ್ರಿಯ ತಯಾರಿ. ಈ ಪುಟದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಅಲ್ಲಿ ಮುದ್ದೆ ಸಿಕ್ತದಾ ಸಾ?

ಮಂಡ್ಯದ ಕಡೆ ತಪ್ಪದೆ ಬರುವ ಪ್ರಶ್ನೆ, ಕೇಳುವವರು ಹೆಚ್ಚಾಗಿ ಅಜ್ಜಿಯರು. ದಿನವೂ ಮುದ್ದೆ ಬಸ್ಸಾರು ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ದೇಶದ ಎಲ್ಲ ಕಡೆಯವರಿಗೂ ಸೇರಿ ಅಡುಗೆ ಮಾಡುವ ಮೆಸ್ಸು. ಊಟ ಧಾರಾಳ, ಹಾಲು ಮೊಟ್ಟೆ ಹಣ್ಣಿಗೆ ಕೊರತೆಯಿಲ್ಲ, ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ. ಚಾಕು, ಫೋರ್ಕ್ ಹಿಡಿದು ನೆಟ್ಟಗೆ ಕೂತು ಉಣ್ಣುವುದನ್ನೂ ಕಲಿಸುತ್ತಾರೆ. ಹಾರುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಹೊಟ್ಟೆ ಬಿರಿಯೆ ತಿಂದೂ ಹೋಗಬಾರದು.

ದಸರಾಕ್ಕೆ ಮನೆಗೆ ಬಿಡ್ತಾರಾ? ಫೋನ್ ಮಾಡಬಹುದಾ?

ದಸರಾಕ್ಕೆ ಬಿಡುವ ಸಂಭವ ಕಡಿಮೆ. ಕೋರ್ಸುಗಳು ಜನವರಿ ಮತ್ತು ಜುಲೈಯಲ್ಲಿ ಶುರುವಾಗುತ್ತವೆ, ದೀರ್ಘ ರಜೆ ಬರುವುದು ಟರ್ಮ್ ಮುಗಿದಾಗ. ನವರಾತ್ರಿ ಟರ್ಮ್‌ನ ನಡುವೆ ಬೀಳುತ್ತದೆ. ಫೋನ್ ಬಳಕೆಗೆ, ವಿಶೇಷವಾಗಿ ಮೊದಲ ದಿನಗಳಲ್ಲಿ, ಕಟ್ಟುಪಾಡು ಇರುತ್ತದೆ. ಎರಡು ದಿನ ಮಗ ಮಾತಾಡಲಿಲ್ಲ ಅಂತ ಗಾಬರಿಯಾಗಬೇಡಿ. ಮಾತಿಗೆ ಸಿಕ್ಕ ಐದು ನಿಮಿಷದಲ್ಲಿ ಮನೆಯ ಜಗಳ, ನಾಲೆ ನೀರಿನ ತಕರಾರು ಹೇಳಿ ಅವನ ತಲೆ ತುಂಬಿಸಬೇಡಿ ಅಂತ ತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ. ಮೈಸೂರಿನಿಂದ ಹೈದರಾಬಾದಿನ ಕಾಚಿಗುಡಕ್ಕೆ ನೇರ ರೈಲಿದೆ, ರಜೆ ಸಿಕ್ಕಾಗ ಬರುವುದು ಕಷ್ಟವಲ್ಲ.

ಸೀನಿಯರ್‌ಗಳು ಹೊಡೀತಾರಂತೆ?

ಶಿಸ್ತಿನ ಶಿಕ್ಷೆ ಉಂಟು: ಓಟ, ದಂಡ ಹೊಡೆಯುವುದು, ಹೆಚ್ಚುವರಿ ಪೆರೇಡ್, ಭಾನುವಾರದ ಬಿಡುವು ರದ್ದು. ಮೈಮುಟ್ಟಿ ಹೊಡೆಯುವುದು, ಅವಮಾನ ಮಾಡುವುದು ನಿಯಮಕ್ಕೆ ವಿರುದ್ಧ. ಅಂಥದ್ದು ನಡೆದರೆ ಸಹಿಸಿಕೊಳ್ಳುವುದು ಶೌರ್ಯವಲ್ಲ. ತನ್ನ ಸ್ಕ್ವಾಡ್ರನ್ನಿನ ಅಧಿಕಾರಿಗೆ ಹೇಳಬೇಕು. ಗಾಯ, ಜ್ವರ ಮುಚ್ಚಿಡುವುದಂತೂ ಬೇಡವೇ ಬೇಡ, ಮುಚ್ಚಿಟ್ಟ ಕಾಲುನೋವು ಮೂಳೆ ಬಿರುಕಾಗಿ ವರ್ಷವನ್ನೇ ನುಂಗಬಹುದು.

## ಆಕಾಶದಲ್ಲಿ

ಮೊದಲು ಯಾವ ವಿಮಾನ ಕೊಡ್ತಾರೆ?

ಪಿಲಾಟಸ್ ಪಿಸಿ-7 ಮಾರ್ಕ್ 2. ಸ್ವಿಟ್ಜರ್ಲೆಂಡ್‌ನಲ್ಲಿ ತಯಾರಾದದ್ದು, 2013ರಲ್ಲಿ ವಾಯುಪಡೆಗೆ ಬಂತು, 75 ವಿಮಾನ ಕೊಂಡರು. ಮುಂದೆ ಕೆಡೆಟ್, ಹಿಂದೆ ಇನ್‌ಸ್ಟ್ರಕ್ಟರ್. ಮೂಗಿನಲ್ಲಿ ಪ್ರೊಪೆಲ್ಲರ್, ಅದನ್ನು ತಿರುಗಿಸುವುದು ಟರ್ಬೈನ್ ಎಂಜಿನ್, ಕೂರಲು ಆಪತ್ತಿನಲ್ಲಿ ಹೊರಚಿಮ್ಮುವ ಆಸನ. ಇದಕ್ಕೆ ಮೊದಲು ಇದ್ದ ಎಚ್‌ಪಿಟಿ-32 ದೀಪಕ್‌ಗಳನ್ನು 2009ರಲ್ಲಿ ಹಾರಾಟದಿಂದ ತೆಗೆದರು. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ಮುಂದಿನ ತಲೆಮಾರಿನ ಮೊದಲ ಪಾಠದ ವಿಮಾನ.

ಬಸ್ಸಲ್ಲೇ ವಾಂತಿ ಆಗುತ್ತೆ ನನಗೆ. ವಿಮಾನ ಹೆಂಗೆ ಓಡಿಸ್ಲಿ?

ಮಡಿಕೇರಿ ಘಾಟಿಯಲ್ಲಿ ವಾಂತಿ ಮಾಡಿಕೊಂಡವರು ಒಳ್ಳೆ ಪೈಲಟ್ ಆದದ್ದನ್ನು ಕಂಡಿದ್ದೇನೆ. ಒಳಕಿವಿ ದೇಹ ತಿರುಗುತ್ತಿದೆ ಅನ್ನುತ್ತದೆ, ಕಣ್ಣು ಕಾಕ್‌ಪಿಟ್ ನಿಂತಲ್ಲೇ ಇದೆ ಅನ್ನುತ್ತದೆ. ಎರಡೂ ಸುದ್ದಿ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಕಣ್ಣನ್ನು ದೂರದ ದಿಗಂತಕ್ಕೆ ನೆಟ್ಟರೆ, ಸ್ಟಿಕ್ ನಿಮ್ಮ ಕೈಯಲ್ಲೇ ಇದ್ದರೆ ಬಾಧೆ ಕಡಿಮೆ. ಬಹಳಷ್ಟು ಮಂದಿಗೆ ಕೆಲವು ಹಾರಾಟಗಳಲ್ಲಿ ಹೋಗುತ್ತದೆ. ಹೋಗದವರಿಗೆ ಬೆಂಗಳೂರಿನ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ ಹಂತಹಂತವಾಗಿ ಒಗ್ಗಿಸುವ ಚಿಕಿತ್ಸೆ ಇದೆ. ತಾವಾಗಿಯೇ ಮಾತ್ರೆ ನುಂಗಿ ಹಾರುವುದು ಮಾತ್ರ ಅಪಾಯ, ನಿದ್ದೆ ತರುವ ಮಾತ್ರೆಗಳವು.

ಸೋಲೋ ಅಂದ್ರೆ ಒಬ್ಬನೇ ಹಾರೋದಾ? ಯಾವಾಗ ಬಿಡ್ತಾರೆ?

ಒಬ್ಬನೇ, ಅಥವಾ ಒಬ್ಬಳೇ. ರನ್‌ವೇಯ ಒಂದು ಬದಿಯಲ್ಲಿ ಆಯತಾಕಾರದ ದಾರಿ ಇರುತ್ತದೆ, ಅದನ್ನು ಸರ್ಕ್ಯೂಟ್ ಅನ್ನುತ್ತಾರೆ. ಏರು, ತಿರುಗು, ರನ್‌ವೇಗೆ ಸಮಾಂತರವಾಗಿ ಹಿಂದಕ್ಕೆ ಹೋಗು, ಮತ್ತೆ ತಿರುಗಿ ಇಳಿ. ಈ ಕೆಲವೇ ನಿಮಿಷಗಳಲ್ಲಿ ಚಕ್ರ ಇಳಿಸುವುದು, ರೆಕ್ಕೆಯ ಹಿಂಬದಿಯ ಫ್ಲ್ಯಾಪ್, ವೇಗ, ರೇಡಿಯೊ ಎಲ್ಲ ಸಮಯಕ್ಕೆ ಸರಿಯಾಗಿ ಆಗಬೇಕು. ಇಳಿಯುವಾಗ ಹೊಸಬರ ಕಣ್ಣು ಮೂಗಿನ ಮುಂದಿನ ನೆಲಕ್ಕೆ ಅಂಟಿಕೊಳ್ಳುತ್ತದೆ, ನೆಲ ಮೇಲೆದ್ದು ಬಂದಂತಾಗಿ ವಿಮಾನದ ಮೂಗನ್ನು ಬೇಗ ಎತ್ತಿಬಿಡುತ್ತಾರೆ. ರನ್‌ವೇಯ ತುದಿಯನ್ನು ನೋಡು ಅಂತ ನೂರು ಸಲ ಹೇಳಿಸಿಕೊಂಡು, ಒಂದು ದಿನ ಕೈಗೆ ಹತ್ತುತ್ತದೆ.

ಇಂತಿಷ್ಟೇ ಹಾರಾಟಕ್ಕೆ ಸೋಲೋ ಅಂತ ಕಾಯಬೇಡಿ. ನಿಮ್ಮ ಇನ್‌ಸ್ಟ್ರಕ್ಟರ್‌ಗೆ ನಂಬಿಕೆ ಬಂದ ಮೇಲೆ ಬೇರೊಬ್ಬರು ಪರೀಕ್ಷಿಸುತ್ತಾರೆ. ಅವರು ಒಪ್ಪಿದರೆ ಹಿಂದಿನ ಆಸನ ಖಾಲಿ. ಆಗ ವಿಮಾನ ಸ್ವಲ್ಪ ಹಗುರಾಗಿ ಬೇಗ ಏರುತ್ತದೆ, ಹಿಂದಿನಿಂದ ದನಿ ಬರುವುದಿಲ್ಲ. ಕಲಿಸಿದವರು ನೆಲದ ಮೇಲೆ ನಿಂತು ಆ ಸರ್ಕ್ಯೂಟ್ ಮುಗಿಯುವವರೆಗೆ ಬೇರೆ ಮಾತೇ ಆಡುವುದಿಲ್ಲ.

ಇನ್‌ಸ್ಟ್ರಕ್ಟರ್‌ಗಳು ತುಂಬಾ ಬೈತಾರಂತೆ. ಅವಮಾನ ಆಗಲ್ವಾ?

ಆಕಾಶದಲ್ಲಿ ದನಿ ಗಟ್ಟಿಯಾಗುವುದು ಸಮಯ ಕಡಿಮೆ ಇರುವುದರಿಂದ. ಡಿಬ್ರೀಫ್‌ನಲ್ಲಿ ಹೇಳುವುದೆಲ್ಲ ನಡೆದ ಹಾರಾಟದ ಬಗ್ಗೆ, ನಿಮ್ಮ ಮನೆತನದ ಬಗ್ಗೆ ಅಲ್ಲ. ಕಾರಣ ಹೇಳುತ್ತಾ ಕೂರುವವನಿಗಿಂತ ಬರೆದುಕೊಂಡು ಮರುದಿನ ಸರಿಪಡಿಸುವವನು ಬೇಗ ಮುಂದೆ ಹೋಗುತ್ತಾನೆ. ಹಾಗಂತ ಎಲ್ಲ ಬೈಗುಳವೂ ಕಲಿಸುತ್ತದೆ ಅಂತ ನಾನು ಹೇಳಲಾರೆ. ಹೆದರಿದ ಕೈ ಸ್ಟಿಕ್ಕನ್ನು ಬಿಗಿಯಾಗಿ ಹಿಡಿಯುತ್ತದೆ, ಬಿಗಿಹಿಡಿದ ಕೈಗೆ ವಿಮಾನದ ಮಾತು ತಿಳಿಯುವುದಿಲ್ಲ. ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಕೆಡೆಟ್ಟಿನ ಕಲಿಕೆ ನಿಂತೇಹೋದರೆ ಬೇರೊಬ್ಬರಿಗೆ ಬದಲಿಸಿ ನೋಡುತ್ತಾರೆ, ಅದು ವಾಡಿಕೆ.

ಕಲಿಸುವವರ ಬಗ್ಗೆ ಒಂದು ಮಾತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಯುದ್ಧ ಶುರುವಾದಾಗ ಹಾರಾಟ ಕಲಿಸುತ್ತಿದ್ದವರು. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದಾಗ ತಮ್ಮ ಮಿಸ್ಟೇರ್ ವಿಮಾನದಲ್ಲಿ, ತಮಗಿಂತ ಬಹಳ ವೇಗದ ಎಫ್-104 ಸ್ಟಾರ್‌ಫೈಟರ್ ಅನ್ನು ಎದುರಿಸಿ ಉರುಳಿಸಿದರು, ತಾವು ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ವಿಮಾನ ಗಿರಗಿರ ತಿರುಗಿ ಕೆಳಗೆ ಬೀಳೋದನ್ನ ಬೇಕಂತಲೇ ಮಾಡಿಸ್ತಾರಾ?

ಮಾಡಿಸುತ್ತಾರೆ, ಸಾಕಷ್ಟು ಎತ್ತರದಲ್ಲಿ. ವೇಗ ಕಳೆದು ರೆಕ್ಕೆಗಳು ಎತ್ತುವ ಶಕ್ತಿ ಕಳೆದುಕೊಂಡಾಗ, ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಕಳೆದುಕೊಂಡರೆ ವಿಮಾನ ಸುತ್ತುತ್ತಾ ಇಳಿಯುತ್ತದೆ, ಇದೇ ಸ್ಪಿನ್. ಕಿಟಕಿಯ ತುಂಬ ನೆಲ ತಿರುಗುತ್ತಿರುತ್ತದೆ. ಪವರ್ ಇಳಿಸಿ, ಯಾವ ಕಡೆ ಸುತ್ತುತ್ತಿದೆ ಅಂತ ಮೀಟರ್ ನೋಡಿ ಖಚಿತ ಮಾಡಿಕೊಂಡು, ಅದರ ವಿರುದ್ಧದ ಪೆಡಲ್ ಪೂರ್ತಿ ಒತ್ತಿ, ಸ್ಟಿಕ್ ಮುಂದಕ್ಕೆ ತಳ್ಳಬೇಕು. ದೇಹ ಮಾತ್ರ ಸ್ಟಿಕ್ಕನ್ನು ಹಿಂದಕ್ಕೆ ಎಳೆ ಅನ್ನುತ್ತಿರುತ್ತದೆ. ದೇಹದ ಮಾತು ಬಿಟ್ಟು ಕಲಿತ ಕ್ರಮವನ್ನು ನಂಬುವುದು ಇಲ್ಲಿಂದ ಶುರುವಾಗಿ, ಮೋಡದೊಳಗೆ ಮೀಟರುಗಳನ್ನು ಮಾತ್ರ ನೋಡಿ ಹಾರುವ ಪಾಠದಲ್ಲಿ ಗಟ್ಟಿಯಾಗುತ್ತದೆ.

ಫ್ಲೈಯಿಂಗ್‌ನಲ್ಲಿ ಫೇಲಾದ್ರೆ ಮನೆಗೆ ಕಳಿಸ್ತಾರಾ? ಊರಲ್ಲಿ ಮುಖ ಹೆಂಗೆ ತೋರ್ಸೋದು?

ಈ ಪ್ರಶ್ನೆಗೆ ನಾನು ಅವಸರದಿಂದ ಉತ್ತರಿಸುವುದಿಲ್ಲ. ಪ್ರತಿ ತಂಡದಲ್ಲೂ ಕೆಲವರ ಹಾರಾಟ ನಿಲ್ಲಿಸುತ್ತಾರೆ. ಅದು ಒಂದು ಕೆಟ್ಟ ದಿನಕ್ಕೆ ಆಗುವುದಲ್ಲ. ಮೊದಲು ಹೆಚ್ಚುವರಿ ಹಾರಾಟ ಕೊಡುತ್ತಾರೆ, ಇನ್‌ಸ್ಟ್ರಕ್ಟರ್ ಬದಲಿಸುತ್ತಾರೆ, ಮೇಲಿನವರು ಪರೀಕ್ಷಿಸುತ್ತಾರೆ. ಆಮೇಲೂ ನಿಗದಿತ ಸಮಯದಲ್ಲಿ ಮಟ್ಟ ಮುಟ್ಟದಿದ್ದರೆ ಹಾರಾಟ ಮುಗಿಯುತ್ತದೆ. ಎಲ್ಲರೂ ಯಾವತ್ತಾದರೂ ವಿಮಾನ ಹಾರಿಸಲು ಕಲಿಯಬಲ್ಲರು. ಸೇನೆಗೆ ಬೇಕಾದದ್ದು ಇಷ್ಟು ಗಂಟೆಯೊಳಗೆ ಕಲಿಯುವವರು, ಏಕೆಂದರೆ ಮುಂದಿನ ವಿಮಾನ ಇನ್ನೂ ವೇಗದ್ದು.

ನಿಲ್ಲಿಸಲ್ಪಟ್ಟವರಿಗೆ ಖಾಲಿ ಹುದ್ದೆ ಮತ್ತು ಅರ್ಹತೆ ನೋಡಿ ನೆಲದ ಶಾಖೆಗಳಲ್ಲಿ ಅವಕಾಶ ಕೊಡುವುದುಂಟು. ವಾಯು ಸಂಚಾರ ನಿಯಂತ್ರಣ, ಹವಾಮಾನ, ಆಡಳಿತ, ಲಾಜಿಸ್ಟಿಕ್ಸ್ ಎಲ್ಲವೂ ಅಧಿಕಾರಿಯ ಹುದ್ದೆಗಳೇ. ಮನೆಗೆ ಮರಳಿದವರೂ ಇದ್ದಾರೆ. ಅವರ ವಿಷಯದಲ್ಲಿ ನನಗೆ ಹೆಚ್ಚು ನೋವು ಕೊಟ್ಟದ್ದು ಊರಿನ ಮಾತು. ಕಳಿಸುವಾಗ ಬ್ಯಾನರ್ ಕಟ್ಟಿ, ಮೆರವಣಿಗೆ ಮಾಡಿ, ಅವನ ತಲೆಯ ಮೇಲೆ ಇಡೀ ಹೋಬಳಿಯ ಮಾನ ಹೇರಬೇಡಿ. ದೇಶದ ಸಾವಿರಾರು ಮಂದಿಯಲ್ಲಿ ಆಯ್ಕೆಯಾಗಿ ದುಂಡಿಗಲ್ ಮೆಟ್ಟಿಲು ಹತ್ತಿದವನು ಮರಳಿ ಬಂದರೆ, ಊಟಕ್ಕೆ ಹಾಕಿ, ನಿದ್ದೆ ಮಾಡಲು ಬಿಡಿ. ಕಾರಣ ಕೇಳಬೇಡಿ. ಅವನಾಗಿ ಹೇಳುತ್ತಾನೆ.

ಅಪಾಯ ಎಷ್ಟು? ಮುಚ್ಚಿಡದೆ ಹೇಳಿ.

ಅಪಾಯ ಇದೆ. 2023ರ ಡಿಸೆಂಬರ್ 4ರಂದು ದುಂಡಿಗಲ್‌ನಿಂದ ಹೊರಟ ಪಿಸಿ-7 ಮೇಡಕ್ ಜಿಲ್ಲೆಯಲ್ಲಿ ಬಿದ್ದು ಇನ್‌ಸ್ಟ್ರಕ್ಟರ್ ಮತ್ತು ಕೆಡೆಟ್ ಇಬ್ಬರೂ ತೀರಿಕೊಂಡರು. ಅದೇ ವರ್ಷ ಜೂನ್ 1ರಂದು ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿ ಕಿರಣ್ ತರಬೇತಿ ವಿಮಾನ ಬಿದ್ದಾಗ ಒಳಗಿದ್ದ ಇಬ್ಬರೂ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಬೆಳಗಿನ ಆಪತ್ತಿನ ಪ್ರಶ್ನೆ, ಬಾಯಿಪಾಠ, ಚೆಕ್‌ಲಿಸ್ಟ್, ಕೂತ ಕೂಡಲೇ ಬೆಲ್ಟ್ ಬಿಗಿಸುವುದು ಎಲ್ಲವೂ ಇಂಥ ಒಂದೆರಡು ಸೆಕೆಂಡಿಗಾಗಿ. ಮಗನಿಗೆ ಇದು ಬೇಕೋ ಬೇಡವೋ ಅಂತ ನಿರ್ಧರಿಸುವ ತಾಯಿಗೆ ಏನೂ ಆಗುವುದಿಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ.

## ಮುಂದಿನ ಹಂತ

ಫೈಟರ್ ಯಾರಿಗೆ, ಹೆಲಿಕಾಪ್ಟರ್ ಯಾರಿಗೆ ಅಂತ ಹೇಗೆ ತೀರ್ಮಾನ ಮಾಡ್ತಾರೆ?

ಮೊದಲ ಹಂತದ ಹಾರಾಟ ಮುಗಿದಾಗ ಕೆಡೆಟ್‌ನ ಸಾಧನೆ, ಒಲವು, ದೇಹದ ಅರ್ಹತೆ, ವಾಯುಪಡೆಯ ಅಗತ್ಯ ಎಲ್ಲ ಸೇರಿಸಿ ಮೂರು ಕವಲು ಮಾಡುತ್ತಾರೆ. ಫೈಟರ್‌ಗೆ ಹೋಗುವವರು ಹೈದರಾಬಾದ್ ಬಳಿಯ ಹಕೀಂಪೇಟೆಯಲ್ಲಿ ಕಿರಣ್ ಜೆಟ್ ಹಾರಿಸುತ್ತಾ ಬಂದಿದ್ದಾರೆ. ಹೆಲಿಕಾಪ್ಟರ್ ಶಾಲೆಯೂ ಅಲ್ಲೇ. ಸಾಗಾಟ ವಿಮಾನದವರಿಗೆ ನಮ್ಮ ಯಲಹಂಕ. ಫೈಟರ್ ಸಿಗದವರು ಸೋತರು ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಿಮಾಲಯದ ಪುಟ್ಟ ಹೆಲಿಪ್ಯಾಡ್‌ಗೆ ಗಾಯಾಳುವನ್ನು ತರಲು ಹೋಗುವವರ ಕೈಚಳಕ ಯಾವ ಫೈಟರ್ ಪೈಲಟ್‌ಗಿಂತಲೂ ಕಡಿಮೆಯಲ್ಲ.

ಇದಾದ ಮೇಲೆ ಜೂನ್ ಅಥವಾ ಡಿಸೆಂಬರಿನ ಪದವಿ ಪೆರೇಡ್. ಎದೆಗೆ ರೆಕ್ಕೆಯ ಲಾಂಛನ, ಭುಜಕ್ಕೆ ಫ್ಲೈಯಿಂಗ್ ಆಫೀಸರ್ ಪಟ್ಟಿ. ಪಟ್ಟಿ ತೊಡಿಸಲು ಅಪ್ಪ ಅಮ್ಮನನ್ನೂ ಕರೆಯುತ್ತಾರೆ.

ಬೀದರ್‌ನಲ್ಲಿ ಏನು ಕಲಿಸ್ತಾರೆ? ಜಿ ಅಂದ್ರೇನು?

ಫೈಟರ್ ಶಾಖೆಯವರು ಅಧಿಕಾರಿಗಳಾದ ಮೇಲೆ ಬೀದರ್‌ನಲ್ಲಿ ಹಾಕ್ ಮಾರ್ಕ್ 132 ಜೆಟ್ ಹಾರಿಸುತ್ತಾರೆ. ಬನ್ನಿಮಂಟಪದ ಮೇಲೆ ದಸರಾದಲ್ಲಿ ಸೂರ್ಯಕಿರಣ್ ತಂಡ ಹಾರಿಸುವ ಕೆಂಪು ಬಿಳಿ ವಿಮಾನವೂ ಇದೇ ಹಾಕ್, ಆ ತಂಡದ ನೆಲೆಯೂ ಬೀದರ್.

ರಭಸದಿಂದ ತಿರುಗಿದಾಗ ದೇಹದ ತೂಕ ಹಲವು ಪಟ್ಟಾಗುತ್ತದೆ, ಎಷ್ಟು ಪಟ್ಟು ಅನ್ನುವ ಲೆಕ್ಕವೇ ಜಿ. 60 ಕಿಲೋ ಇರುವವರು 5 ಜಿ ತಿರುವಿನಲ್ಲಿ 300 ಕಿಲೋ ಭಾರ ಅನುಭವಿಸುತ್ತಾರೆ. ರಕ್ತವೂ ಕಾಲಿನ ಕಡೆ ಇಳಿದು ಕಣ್ಣಿನ ಅಂಚು ಮಬ್ಬಾಗುತ್ತದೆ, ಹಾಗೇ ಬಿಟ್ಟರೆ ಪ್ರಜ್ಞೆ ತಪ್ಪುತ್ತದೆ. ಪೈಲಟ್ ತೊಡುವ ಜಿ-ಸೂಟ್ ಗಾಳಿ ತುಂಬಿಕೊಂಡು ಕಾಲು, ಹೊಟ್ಟೆಯನ್ನು ಅಮುಕುತ್ತದೆ. ಜೊತೆಗೆ ತೊಡೆ, ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ, ಮೂರು ಸೆಕೆಂಡಿಗೊಮ್ಮೆ ಚಕ್ಕನೆ ಬದಲಿಸುವ ಕ್ರಮ ಕಲಿಯಬೇಕು. ಇದಕ್ಕೆ ಉದ್ದ ಓಟ ಒಂದೇ ಸಾಲದು, ಕಾಲಿಗೂ ಹೊಟ್ಟೆಗೂ ಬಲ ಬೇಕು.

ಮಂಡಕಳ್ಳಿ ಏರ್‌ಪೋರ್ಟಲ್ಲೋ ಬೇರೆಲ್ಲೋ ಸಿವಿಲ್ ಫ್ಲೈಯಿಂಗ್ ಕಲಿತು ಹೋದ್ರೆ ಅನುಕೂಲವಾ?

ವಾಣಿಜ್ಯ ಪೈಲಟ್ ಪರವಾನಗಿ ಇದ್ದವರಿಗೆ ಎಎಫ್‌ಕ್ಯಾಟ್‌ನಲ್ಲಿ ವಯಸ್ಸಿನ ಮಿತಿ 26ರವರೆಗೆ ಸಡಿಲವಾಗುತ್ತದೆ. ತರಬೇತಿ ಮಾತ್ರ ಎಲ್ಲರಂತೆ ಮೊದಲಿಂದಲೇ. ರೇಡಿಯೊ, ಸರ್ಕ್ಯೂಟ್ ಪರಿಚಯ ಇರುವುದು ಲಾಭ. ಇದಕ್ಕಾಗಿಯೇ ಸಾಲ ಮಾಡಬೇಡಿ.

ನನಗೆ ಆಯ್ಕೆ ಪತ್ರ ಬಂದಿದೆ. ಹೋಗೋಕೆ ಮೊದಲು ಇರೋ ಈ ಎರಡು ತಿಂಗಳು ಏನು ಮಾಡ್ಲಿ?

ಓಡಿ. ಎನ್‌ಡಿಎ ಹೇಳುವ ಅಳತೆ ಇಪ್ಪತ್ತು ನಿಮಿಷಕ್ಕೆ ನಾಲ್ಕು ಕಿಲೋಮೀಟರ್, ಅದನ್ನು ಏದುಸಿರಿಲ್ಲದೆ ಮುಗಿಸುವಂತಾಗಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಆದರೆ ಇಳಿಯುವಾಗ ಓಡಬೇಡಿ, ಮಂಡಿ ಹಾಳಾಗುತ್ತದೆ. ಈಜು ಬಾರದಿದ್ದರೆ ಈಜುಕೊಳದಲ್ಲಿ ಕಲಿಯಿರಿ, ನಾಲೆಯಲ್ಲಿ ಬೇಡ. ಹೊಸ ಬೂಟು ಈಗಲೇ ಹಾಕಿ ಮೆತ್ತಗಾಗಿಸಿಕೊಳ್ಳಿ. ಹಲ್ಲಿನ ಹುಳುಕು ಇದ್ದರೆ ತುಂಬಿಸಿಕೊಳ್ಳಿ, ಎತ್ತರಕ್ಕೆ ಹೋದಾಗ ಒತ್ತಡ ಬದಲಾಗಿ ಅದು ಪ್ರಾಣ ಹಿಂಡುತ್ತದೆ.

ಮತ್ತೆ ದಿನಕ್ಕೊಮ್ಮೆ ಕುರ್ಚಿ ಹಾಕಿಕೊಂಡು ಗೋಡೆಯ ಎದುರು ಕೂರಿ. ಪೈಲಟ್‌ಗಳು ಇದನ್ನು ಚೇರ್ ಫ್ಲೈಯಿಂಗ್ ಅನ್ನುತ್ತಾರೆ. ವಿಮಾನದ ಚೆಕ್‌ಲಿಸ್ಟ್ ನಿಮ್ಮ ಕೈಗೆ ಇನ್ನೂ ಬಂದಿಲ್ಲ, ಪರವಾಗಿಲ್ಲ. ಸ್ಕೂಟರ್ ತೆಗೆಯುವುದರಿಂದ ಹಿಡಿದು ಅಗ್ರಹಾರ ಸರ್ಕಲ್ ದಾಟಿ ಕಾಲೇಜು ಮುಟ್ಟುವವರೆಗೆ ಕೈ ಏನು ಮಾಡುತ್ತದೆ, ಕಣ್ಣು ಎಲ್ಲಿ ನೋಡುತ್ತದೆ, ಎಡದಿಂದ ಬಸ್ಸು ನುಗ್ಗಿದರೆ ಮೊದಲು ಏನು ಮಾಡುತ್ತೀರಿ ಅಂತ ಕಣ್ಣುಮುಚ್ಚಿ, ಗಟ್ಟಿಯಾಗಿ, ಕ್ರಮ ತಪ್ಪದೆ ಹೇಳಿ. ಮನೆಯವರು ಕೇಳಿ ನಕ್ಕರೆ ನಗಲಿ. ದುಂಡಿಗಲ್‌ನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಪ್ರತಿ ರಾತ್ರಿ ಮಾಡಬೇಕಾದದ್ದು ಇದನ್ನೇ, ಸ್ಕೂಟರ್ ಜಾಗದಲ್ಲಿ ಪಿಲಾಟಸ್ ಇರುತ್ತದೆ, ಅಷ್ಟೆ.